ಮಡಿ ಎಂಜಿನ್

“ನಿನ್ನ ಟೆಂಪೋದ ಹೊಗಿ ಬಡದು ನನ್ನ ಮಡಿಸೀರಿ ಬಾಣಲಿ ತಳ ಆಗ್ಯದ, ತಿರಕಪ್ಪಾ! ಇನ್ನ ಈ ಓಣಿಯೊಳಗ ಬಂದಿ ಅಂದ್ರ ನೋಡು!”

ಭಾಗೀರಥಿಬಾಯಿ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದರು. ಗುಡಿಯ ಪೂಜೆಯ ಮನೆತನದ ಹಿರಿಯ ಹೆಂಗಸು. ಲಕ್ಷ್ಮೇಶ್ವರದ ಆ ಓಣಿಗೆ ಅವರ ಮಾತೇ ಕಾನೂನು.

“ನಾ ಏನ್ ಮಾಡ್ಲಿ ಬಾಯಾರ? ಕಂಪನಿಯವರನ್ನ ಕೇಳೀನಿ. ಈ ಎಂಜಿನ್ ಹುಟ್ಟಿದ್ದ ಹಂಗ ಅಂತಾರ.”

“ಹಂಗಾದ್ರ ಅವರನ್ನ ಕೂಡಿಸ್ಕೊಂಡ ತಿರಗು!”

ಇದು ಎಪ್ಪತ್ತೊಂಬತ್ತರ ಮಾತು. ದಿನಾ ಗದಗಿಗೆ ಹೋಗಿಬರುವ ಮಾಸ್ತರರು, ಕಾರಕೂನರು ಆ ಓಣಿಯವರೇ. ಅವರ ಸೀಟಿನಿಂದಲೇ ತಿರಕಪ್ಪನ ಮನೆಯ ಒಲೆ ಉರಿಯುತ್ತಿತ್ತು. ಮರುದಿನದಿಂದ ಒಬ್ಬರೂ ಹತ್ತಲಿಲ್ಲ.

ಅಷ್ಟರಲ್ಲಿ ಶಿಗ್ಲಿಯಿಂದ ಪುಂಡಲೀಕಪ್ಪ ಬಂದ. ಅವನದೂ ಅದೇ ಕಂಪನಿಯ ಟೆಂಪೋ. ಆದರೆ ಅದರ ನೆತ್ತಿಯ ಮೇಲೆ ದೊಡ್ಡದೊಂದು ರಬ್ಬರಿನ ಚೀಲ, ಚೀಲಕ್ಕೊಂದು ಕೊಳವೆ.

“ಡೀಸೆಲ್ ಎಂಜಿನ್ ಕಿತ್ತ ಒಗದೇನ್ರಿ ಬಾಯಾರ. ಇದು ಗೋಬರ್ ಗ್ಯಾಸಿಂದು. ಖರೆ ಆಕಳ ಹೆಂಡಿ. ಹೊಗಿ ಅನ್ನೂದ ಇಲ್ಲ.”

ಆಕಳ ಸೆಗಣಿ! ನೆಲ ಸಾರಿಸಿ ಮೈಲಿಗೆ ಕಳೆಯುವ ವಸ್ತು! ಭಾಗೀರಥಿಬಾಯಿ ಮಗನ ಬಿಳಿ ಧೋತರವನ್ನು ಗಾಡಿಯ ಹಿಂದೆ ಹಿಡಿದು ನೋಡಿದರು. ಒಂದು ಚುಕ್ಕೆ ಮಸಿ ಹತ್ತಲಿಲ್ಲ. ಮಡಿಯಲ್ಲಿದ್ದವರೂ ಈ ಗಾಡಿ ಹತ್ತಬಹುದೆಂದು ಅಲ್ಲೇ ಅಪ್ಪಣೆಯಾಯಿತು.

ತಿರಕಪ್ಪ ಬೇವಿನ ಗಿಡದ ಕೆಳಗೆ ಕೂತು ಹೊಟ್ಟೆ ಉರಿದುಕೊಂಡ. ಆ ಚೀಲದ ಮಹಿಮೆಯೇ ಬೇರೆ. ಓಣಿಗೆ ಬರುವಾಗ ಹಸಿದ ಎಮ್ಮೆಯ ಹೊಟ್ಟೆಯಂತೆ ಜೋತುಬಿದ್ದಿರುತ್ತಿತ್ತು. ಹೊರಡುವಾಗ ಉಬ್ಬಿ ನಗಾರಿಯಾಗಿರುತ್ತಿತ್ತು.

“ಇಂಥಾ ಮಡಿ ಓಣಿಗೆ ಬಂದ್ರ ಗ್ಯಾಸೂ ಹಿಗ್ಗತೈತ್ರಿ,” ಎಂದು ಪುಂಡಲೀಕಪ್ಪ ಕೈಮುಗಿಯುತ್ತಿದ್ದ. ಅದನ್ನು ಕೇಳಿ ಓಣಿಗೆ ಓಣಿಯೇ ಹಿಗ್ಗುತ್ತಿತ್ತು.

ಕಡೆಗೆ ತಿರಕಪ್ಪ ಸೋತ. ಒಂದು ಮುಂಜಾನೆ ತನ್ನ ಟೆಂಪೋದ ಕೀಲಿಕೈ ಹಿಡಿದುಕೊಂಡು ಬಂದ. ಪುಂಡಲೀಕಪ್ಪನ ಗಾಡಿ ಭಾಗೀರಥಿಬಾಯಿಯ ಕಟ್ಟೆಯ ಮಗ್ಗುಲಿಗೆ ಗುರುಗುಡುತ್ತ ನಿಂತಿತ್ತು. ಚೀಲ ಬಿರಿಯುವಂತೆ ಉಬ್ಬಿತ್ತು.

“ಅಣ್ಣಾ, ನನ್ನ ಗಾಡಿಗೂ ಆ ಎಂಜಿನ್ ಕೂಡಿಸಿ ಕೊಡೋ.”

“ಸುಮ್ನ ಬರತೈತೇನಲೇ? ಗಾಡಿ ನನ್ನ ಹೆಸರಿಗೆ ಮಾಡು. ಬೇಕಾದ್ರ ನೀ ಕ್ಲೀನರ್ ಆಗಿ ನಿಲ್ಲು.”

ತಿರಕಪ್ಪ ಕಣ್ಣು ಮುಚ್ಚಿ ಕೀಲಿಕೈ ಚಾಚಿದ.

“ತಡೀರೋ!” ಎಂದರು ಭಾಗೀರಥಿಬಾಯಿ. “ಶುಭಕಾರ್ಯ. ಮೊದಲ ಗೋಮಾತಾಗ ಪೂಜಿ ಆಗ್ಲಿ.”

ಕಟ್ಟೆಯ ಮೇಲಿಂದಲೇ ಚೀಲಕ್ಕೆ ಅರಿಷಿಣ ಕುಂಕುಮ ಏರಿಸಿದರು. ಊದಿನಕಡ್ಡಿ ಹಚ್ಚಿದರು. ಸಿಗಿಸಲು ಬಾಳೆಹಣ್ಣು ಇರಲಿಲ್ಲ. ಚೀಲದ ರಬ್ಬರು ಮೆತ್ತಗಿತ್ತು; ಕಡ್ಡಿಯನ್ನು ಅದಕ್ಕೇ ಸಿಗಿಸಹೋದರು.

“ಬಾಯಾರ, ಒಳಗ ಗ್ಯಾಸ್ ಐತ್ರಿ! ಬೆಂಕಿ ಹತ್ತತೈತಿ!” ತಿರಕಪ್ಪ ತಲೆಯ ಮೇಲೆ ಕೈಹೊತ್ತು ಕೆಳಗೆ ಕೂತ.

“ಬೆಂಕಿ ಗಿಂಕಿ ಏನೂ ಹತ್ತೂದಿಲ್ಲ,” ಪುಂಡಲೀಕಪ್ಪ ಚೀರಿದ, “ಚುಚ್ಚಬ್ಯಾಡ್ರೀ!”

ಚುಚ್ಚಿ ಆಗಿತ್ತು.

ಸೈಲೆನ್ಸರಿನಿಂದ ಕೊಳವೆಯೊಳಗೆ ಏರಿ ಚೀಲದಲ್ಲಿ ಅಡಗಿಕೊಂಡಿದ್ದ ಡೀಸೆಲ್ಲಿನ ಕರಿಹೊಗೆ ಬುಸ್ಸೆಂದು ಓಣಿ ತುಂಬಿತು. ಅದರೊಳಗೆ ಭಾಗೀರಥಿಬಾಯಿಯ ಎರಡು ಬಿಳಿ ಕಣ್ಣು ಮಾತ್ರ ಪುಂಡಲೀಕಪ್ಪನನ್ನು ಹುಡುಕುತ್ತಿದ್ದುದನ್ನು ಕಂಡು, ತಿರಕಪ್ಪ ಕೀಲಿಕೈಯನ್ನು ಮೆಲ್ಲಗೆ ಕಿಸೆಗೆ ಇಳಿಸಿದ.