ಪುಟ್ಟ ಮೇಡಂ ಗೈರುಹಾಜರು

“ನಿಮ್ಮ ಹಾಜರಿ ಸೊನ್ನೆ. ಹಾಲ್ ಟಿಕೆಟ್ ಕೊಡಕ್ಕಾಗಲ್ಲ,” ಎಂದರು ಪರೀಕ್ಷಾ ವಿಭಾಗದ ಗುಮಾಸ್ತರು, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

“ಯಾವ ಕ್ಲಾಸಲ್ಲಿ ಸಾರ್?”

“ಪ್ರೋಗ್ರಾಮಿಂಗ್ ಪರಿಚಯ. ಒಂದು ದಿನಾನಾದ್ರೂ ಆ ಕಡೆ ತಲೆ ಹಾಕ್ಬಾರದಿತ್ತಾ?”

“ಸಾರ್, ಆ ಕ್ಲಾಸಿಗೆ ಪಾಠ ಮಾಡೋಳೇ ನಾನು!”

ವಿಭಾಗದಲ್ಲಿ ಎಲ್ಲರೂ ಅವಳನ್ನು ಪುಟ್ಟ ಮೇಡಂ ಎಂದೇ ಕರೆಯುತ್ತಾರೆ. ಕಂಪ್ಯೂಟರ್ ಸೈನ್ಸಿನ ಎಂಎಸ್ಸಿ, ಕೊನೆಯ ಸೆಮಿಸ್ಟರ್. ಡಿಗ್ರಿಯಲ್ಲಿ ಓದಿದ್ದು ಗಣಿತ. ಹಾಗೆ ಬೇರೆ ವಿಷಯದಿಂದ ಬಂದವರು ಮೊದಲ ವರ್ಷದ ಡಿಗ್ರಿ ಮಕ್ಕಳ ಜೊತೆ ಕೂತು ಪ್ರೋಗ್ರಾಮಿಂಗ್ ಪರಿಚಯ ಪಾಸು ಮಾಡದೆ ಎಂಎಸ್ಸಿ ಮುಗಿಯುವುದಿಲ್ಲ ಎಂಬುದು ನಿಯಮ. ಆ ಕೋರ್ಸಿಗೆ ಮೇಷ್ಟ್ರು ಸಿಗದೆ ಪರದಾಡಿದ ಮುಖ್ಯಸ್ಥರು ಕೊನೆಗೆ ಹಿಡಿದು ತಂದದ್ದು ಇವಳನ್ನೇ. “ಪಾಠಾನೂ ಮಾಡು, ಹೆಸರೂ ಬರೆಸ್ಕೊ. ಪತ್ರಿಕೆ ಬೇರೆಯವರು ನೋಡ್ತಾರೆ, ಪರೀಕ್ಷೆ ಬರೆದುಬಿಡು. ತಲೆ ಕೆಡಿಸ್ಕೋಬೇಡ,” ಎಂದು ಹೇಳಿ, ತಲೆ ಕೆಡಿಸಿಕೊಳ್ಳುವ ಕಾಲ ಬಂದಾಗ ಸರಿಯಾಗಿ ಯಾವುದೋ ಸಮ್ಮೇಳನಕ್ಕೆ ವಿಮಾನ ಹತ್ತಿದ್ದರು. ಫೋನಿಗೂ ಸಿಗುತ್ತಿರಲಿಲ್ಲ.

ಹಾಜರಿ ಕರೆಯುವಾಗ ಪಟ್ಟಿಯ ಕೊನೆಯಲ್ಲಿ ತನ್ನದೇ ಹೆಸರು ಬಂದರೆ ಪುಟ್ಟ ಮೇಡಂ ಅದನ್ನು ಹಾರಿಸಿಬಿಡುತ್ತಿದ್ದಳು. ತಾನೇ ಕೂಗಿ ತಾನೇ ‘ಎಸ್ ಮೇಡಂ’ ಅಂದರೆ ಹಿಂದಿನ ಬೆಂಚಿನವರು ಸುಮ್ಮನೆ ಬಿಡುತ್ತಾರೆಯೇ? ಗುರುತು ಬೀಳದ ಹೆಸರನ್ನು ಕಂಪ್ಯೂಟರು ಗೈರುಹಾಜರು ಎಂದು ಬರೆದುಕೊಂಡಿತು. ಸೆಮಿಸ್ಟರ್ ಮುಗಿದ ಮೇಲೆ ಬ್ರಹ್ಮ ಬಂದರೂ ಅದನ್ನು ತಿದ್ದುವಂತಿಲ್ಲ. ಆ ಹಾಜರಿ ಪ್ರೋಗ್ರಾಂ ಬರೆದ ಪುಣ್ಯಾತ್ಗಿತ್ತಿಯೂ ಇವಳೇ. ಪ್ರಾಜೆಕ್ಟಿಗೆ ಪೂರ್ತಿ ಅಂಕ ಬಂದಿತ್ತು.

“ಕೊರತೆ ಇದ್ರೆ ಪಾಠ ಮಾಡೋರ ಹತ್ರ ಶಿಫಾರಸು ಬರೆಸ್ಕೊಂಡು ಬನ್ನಿ,” ಎಂದರು ಗುಮಾಸ್ತರು.

“ಪಾಠ ಮಾಡೋಳು ನಾನೇ ಅಂದ್ನಲ್ಲ ಸಾರ್.”

“ಒಳ್ಳೇದೇ ಆಯ್ತು, ಹುಡುಕೋ ಕಷ್ಟ ಇಲ್ಲ. ಆದ್ರೆ ಸಂಬಂಧಿಕರಿಗೆ ಶಿಫಾರಸು ಮಾಡೋ ಹಾಗಿಲ್ಲ.”

“ನನಗೆ ನಾನು ಸಂಬಂಧಿಕಳಾ?”

“ಅದಕ್ಕಿಂತ ಹತ್ತಿರದೋರಲ್ವೇನಮ್ಮಾ!”

ಅವಳಿಗೆ ಅಳು ಬಂತು. ಸಂಜೆ ಐದಕ್ಕೆ ಈ ಕೌಂಟರ್ ಮುಚ್ಚಿದರೆ ಮತ್ತೆ ಪರೀಕ್ಷೆ ಮುಂದಿನ ವರ್ಷವೇ. ಸೇರುವ ತಿಂಗಳೂ ನಿಗದಿಯಾಗಿದ್ದ ಕೆಲಸ ಕೈತಪ್ಪುತ್ತದೆ. ಎಂಎಸ್ಸಿಗೆ ಸೇರಿದಾಗಿನಿಂದ ಮಲಗುತ್ತಿರುವುದು ಅಕ್ಕನ ಮನೆಯ ಸೋಫಾದ ಮೇಲೆ. ಭಾವ ಒಳ್ಳೆಯವರೇ, ಆದರೆ ಈಚೆಗೆ ಆ ಸೋಫಾ ಮಾರುವ ಮಾತೆತ್ತುತ್ತಿದ್ದಾರೆ.

ಗುಮಾಸ್ತರಿಗೆ ಕನಿಕರ ಹುಟ್ಟಿತೋ, ಮನೆಗೆ ಹೊರಡುವ ಅವಸರವೋ, ಇನ್ನೊಂದು ದಾರಿ ತೋರಿಸಿದರು. “ನಿಮ್ಮ ಕ್ಲಾಸಿನ ವಿದ್ಯಾರ್ಥಿ ಯಾರಾದ್ರೂ ಬಂದು, ‘ಇವರು ದಿನಾ ಕ್ಲಾಸಲ್ಲಿ ಇರ್ತಿದ್ರು’ ಅಂತ ಬರೆದು ಸಹಿ ಹಾಕಿದ್ರೆ ಸಾಕು.”

ಓದಿಕೊಳ್ಳುವ ರಜೆ. ಕ್ಯಾಂಪಸ್ ಭಣಗುಡುತ್ತಿತ್ತು. ಅವಳು ಕಾರಿಡಾರಿಗೆ ಓಡಿ ನೋಡಿದರೆ ಅಲ್ಲಿ ಗೋಡೆಗೊರಗಿ ನಿಂತಿದ್ದವನು ಒಬ್ಬನೇ: ‘ಐದ್ನಿಮಿಷ’. ದಿನವೂ ಐದು ನಿಮಿಷ ತಡವಾಗಿ ಬಂದು, ಬಾಗಿಲಲ್ಲಿ ನಿಂತು, “ಐದೇ ನಿಮಿಷ ಮೇಡಂ” ಎಂದು ಹಲ್ಲು ಕಿರಿಯುತ್ತಿದ್ದ ಹುಡುಗ. ಹೆಸರು ಕೂಗಿದ ಮೇಲೆ ಬಂದವರು ಬಂದಂತಲ್ಲ ಎಂಬುದು ಪುಟ್ಟ ಮೇಡಂ ಕಾನೂನು. “ಹೊರಗೆ ನಿಂತಿರು” ಎಂದು ಒಂದಷ್ಟು ಹೊತ್ತು ಕಾಯಿಸಿ, ಆಮೇಲೆ ಒಳಗೆ ಬಿಡುತ್ತಿದ್ದಳೇ ಹೊರತು ಹಾಜರಿ ಮಾತ್ರ ಕೊಟ್ಟವಳಲ್ಲ. ಅವನಿಗೂ ಹಾಲ್ ಟಿಕೆಟ್ ಇಲ್ಲ. ಬೆಳಿಗ್ಗೆ ಶಿಫಾರಸು ಕೇಳಲು ಬಂದಾಗ ಬೈದು ಅಟ್ಟಿದ್ದಳು.

ಈಗ ವಿಷಯ ಹೇಳಿ ಕರೆದರೆ, ಬೈಗುಳ ತಿಂದ ನೆನಪೂ ಇಲ್ಲದವನಂತೆ ಅವನು ಖುಷಿಯಾಗಿ ಒಳಗೆ ಬಂದ. “ಮೇಡಂ ದಿನಾ ಇರ್ತಿದ್ರು ಸಾರ್. ನಾನು ಕಣ್ಣಾರೆ ನೋಡಿದ್ದೀನಿ.”

ಗುಮಾಸ್ತರು ಅವನ ನಂಬರ್ ಒತ್ತಿ ನೋಡಿದರು. “ಲೇ, ನಿನ್ನದೂ ಸೊನ್ನೆ! ಕ್ಲಾಸಲ್ಲಿ ಇಲ್ಲದೋನು ಇವರನ್ನ ಎಲ್ಲಿ ನೋಡ್ದೆ? ಕನಸಲ್ಲಾ?”

ಹುಡುಗ ಮೇಡಂ ಮುಖ ನೋಡಿದ. ಮೇಡಂ ನೆಲ ನೋಡಿದಳು.

“ಇದ್ದ ಸಾರ್,” ಎಂದಳು ಕೊನೆಗೆ.

“ಜೋರಾಗಿ ಹೇಳಿ.”

“ದಿನಾ ಇದ್ದ! ಸ್ವಲ್ಪ ತಡವಾಗಿ ಬರ್ತಿದ್ದ, ಅಷ್ಟೇ. ಪಾಠ ಎಲ್ಲಾ ಕೇಳ್ತಿದ್ದ. ಪ್ರಶ್ನೇನೂ ಕೇಳ್ತಿದ್ದ.” ಹೇಳುತ್ತಾ ಹೋದಂತೆ ಅದೆಲ್ಲ ನಿಜವೆಂದು ಅವಳಿಗೇ ಹೊಳೆಯಿತು, ನಾಚಿಕೆಯೂ ಆಯಿತು. ಅಲ್ಲೇ ನಿಂತು ಅವನಿಗೆ ಶಿಫಾರಸು ಬರೆದು ಸಹಿ ಹಾಕಿದಳು. ಗುಮಾಸ್ತರು ಠಪ್ಪನೆ ಸೀಲು ಒತ್ತಿದರು.

“ಈಗ ನೀನು ಲೆಕ್ಕಕ್ಕೆ ಬಂದೆ. ಇನ್ನು ಇವರದ್ದು ಬರಿ.” ಅವರು ಇನ್ನೊಂದು ಹಾಳೆ ಅವನ ಮುಂದೆ ತಳ್ಳಿದರು.

ಹುಡುಗ ಪೆನ್ನು ತೆಗೆದುಕೊಂಡ. ಗೋಡೆಯ ಗಡಿಯಾರ ನೋಡಿದ. ಐದು ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಪೆನ್ನಿಗೆ ನಿಧಾನವಾಗಿ ಮುಚ್ಚಳ ಹಾಕಿ, ಬಹಳ ವಿನಯದಿಂದ ಬಾಗಿಲ ಕಡೆ ಕೈ ತೋರಿಸಿದ.

“ಹೊರಗೆ ನಿಂತಿರಿ ಮೇಡಂ. ಐದೇ ನಿಮಿಷ.”

ಪುಟ್ಟ ಮೇಡಂ ಹೊರಗೆ ಹೋಗಿ ನಿಂತಳು. ಒಳಗಿನಿಂದ ಗುಮಾಸ್ತರ ದನಿ ಕೇಳಿಸಿತು.

“ಆ ಕುರ್ಚಿ ಎಳ್ಕೊಂಡು ಕೂತ್ಕೊಳಪ್ಪಾ.”