ಒಂಟಿ ನಕ್ಷತ್ರದ ಗಿರಾಕಿ

“ಇಂಥದ್ದನ್ನು ನನ್ನ ಜನ್ಮದಲ್ಲಿ ನೋಡಿಲ್ಲ,” ಎಂದು ಧರ್ಮೇಶ್ ಗಂಟಲು ಕೆರೆದು, ಇಲ್ಲದ ಮೀಸೆ ತಿರುವಿ ಓದಿದ. “ಡಬ್ಬ ಬಿಚ್ಚಿದ ದಿನವೇ ಮನೆಯಲ್ಲಿ ಜಗಳ. ತೋಟದ ಕೆಲಸ ಕೆಟ್ಟಿತು. ಕಂಡವರಿಗೆಲ್ಲ ಹೇಳುತ್ತಿದ್ದೇನೆ.”

ಓದಿದ್ದು ಧರ್ಮೇಶನೇ ಆದರೂ ಗದರಿದ್ದು ಯಾರೋ ಡೊಳ್ಳುಹೊಟ್ಟೆಯ ಯಜಮಾನ. ಮಿಮಿಕ್ರಿ ಹುಚ್ಚಿನ ಅವನ ಬಾಯಿಂದ ಯಾವ ಮಾತೂ ಸ್ವಂತ ದನಿಯಲ್ಲಿ ಹೊರಟದ್ದಿಲ್ಲ. ಫೋನಿನಲ್ಲಿದ್ದ ಗಿರಾಕಿಯ ಆ ಬರಹದ ನೆತ್ತಿಯ ಮೇಲೆ ಒಂದೇ ಒಂದು ನಕ್ಷತ್ರ ಹೊಳೆಯುತ್ತಿತ್ತು. ಉಳಿದ ನಾಲ್ಕು ಬೋಳು. ಅವನ ಅಕ್ಕ ಸ್ಪಂದನಾಗೆ ಹಗಲಲ್ಲೇ ನಕ್ಷತ್ರ ಕಂಡಂತಾಯಿತು.

ಕಡೂರಿನ ಮರವಂಜಿ ರಸ್ತೆಯ ಒಂದು ಮಹಡಿ ಕೋಣೆಯಲ್ಲಿ ಅಕ್ಕ ತಮ್ಮ ಸೇರಿ ಒಂದು ಹಲಗೆಯಾಟ ಮಾಡಿದ್ದರು. ಹೆಸರು ‘ಕಾವಲು’. ಒಬ್ಬ ಆಟಗಾರ ಎಮ್ಮೆದೊಡ್ಡಿಯ ಹುಲ್ಲುಗಾವಲಿನಲ್ಲಿ ಅಮೃತಮಹಲ್ ದನ ಮೇಯಿಸಬೇಕು. ಇನ್ನೊಬ್ಬ ಖಾತೆ ಮಾಡಿಸಿಕೊಂಡು ಬೇಲಿ ಹಾಕುತ್ತಾ ಬರಬೇಕು. ಮರದ ದನಗಳನ್ನು ಕೆತ್ತಿಕೊಟ್ಟವನು ತರೀಕೆರೆಯ ಭೈರೇಶ್. ಅಮೃತಮಹಲ್ ಅಂದಮೇಲೆ ಕೊಂಬು ಉದ್ದ. ಕೊಂಬು ಉದ್ದವಾದಮೇಲೆ ದಾರಿಯಲ್ಲಿ ಮುರಿಯುವ ಭಯ. ಆಟ ಮಾಡುವುದು ಆಟ, ಅದನ್ನು ಮಾರುವುದು ಪೀಕಲಾಟ.

ಆನ್‌ಲೈನಿನಲ್ಲಿ ಅದು ಮೂರು ಕಡೆ ಸಿಗುತ್ತಿತ್ತು. ಸೂಜಿಯಿಂದ ಫ್ರಿಜ್‌ವರೆಗೆ ಎಲ್ಲವನ್ನೂ ಮಾರುವ ದೊಡ್ಡ ತಾಣಕ್ಕೆ ಧರ್ಮೇಶ್ ಇಟ್ಟ ಹೆಸರು ಆನೆ: ಎಲ್ಲಿ ಬೇಕಾದರೂ ಹೊತ್ತು ತಲುಪಿಸುತ್ತದೆ, ಆದರೆ ಕಮಿಷನ್ನಿಗೆ ಸೊಂಡಿಲು ಚಾಚುತ್ತದೆ. ಹಲಗೆಯಾಟಗಳನ್ನಷ್ಟೇ ಮಾರುವ ತಾಣ ಗಿಳಿ. ಬಣ್ಣವೂ ಚೆಂದ, ಮಾತೂ ಚೆಂದ. ಮೂರನೆಯದು ಅವರದೇ ಪುಟ್ಟ ತಾಣ, ಗುಬ್ಬಿ. ಅಲ್ಲಿ ಬಂದ ಆರ್ಡರನ್ನು ಸ್ಪಂದನಾ ಸ್ವತಃ ತೆಂಗಿನ ನಾರು ತುಂಬಿ, ಹಗ್ಗ ಬಿಗಿದು ಕಳಿಸುತ್ತಿದ್ದಳು.

ಈಗ ಗಿಳಿ ತಾಣದ ಪ್ರಜ್ಞಾ ಫೋನು ಮಾಡಿದ್ದಳು. ಉಳಿದ ಡಬ್ಬಗಳನ್ನೆಲ್ಲ ತಾವೇ ಕೊಂಡು, ಎಂದಿನ ತಮ್ಮ ಮಿರುಗುವ ಕವರನ್ನೇ ತೊಡಿಸಿ ಮಾರುತ್ತಾರಂತೆ. ಷರತ್ತು ಒಂದೇ: ಒಂದು ವರ್ಷ ಬೇರೆಲ್ಲೂ ಮಾರಕೂಡದು. ಆಟ ಹೆಸರು ಮಾಡಿದರೆ ಎರಡನೇ ಮುದ್ರಣ. ಇಲ್ಲವಾದರೆ ಅಂಗಡಿ ಬಾಗಿಲು ಮುಚ್ಚಿ, ಅಕ್ಕ ಮತ್ತೆ ಬೀರೂರಿನ ಟ್ಯೂಷನ್ನಿಗೆ, ತಮ್ಮ ಮತ್ತೆ ಮದುವೆಮನೆಯ ಆರ್ಕೆಸ್ಟ್ರಾಗೆ.

ಯಾರನ್ನು ನಂಬಬೇಕು? ಗಿರಾಕಿಗಳನ್ನೇ ನಂಬೋಣ ಎಂದುಕೊಂಡರು. ಆದರೆ ಬಿದ್ದಿದ್ದ ನಕ್ಷತ್ರಗಳೆಲ್ಲ ಚಿಕ್ಕಮ್ಮ, ಸೋದರಮಾವಂದಿರ ಕೊಡುಗೆ. ನಂಟರಲ್ಲದ, ಮೂರೂ ಕಡೆ ಕೊಂಡಿದ್ದ ಗಿರಾಕಿ ಒಬ್ಬನೇ: ಅಜ್ಜಂಪುರದ ಕರಿಯಪ್ಪ. ಮೊದಲು ಗುಬ್ಬಿಯಲ್ಲಿ ಕೊಂಡು ಈ ಒಂಟಿ ನಕ್ಷತ್ರ ಎಸೆದಿದ್ದ. ಆಮೇಲೆ ಆನೆಯಲ್ಲಿ ಕೊಂಡು, ‘ನಡೆಯುತ್ತೆ’ ಎಂದು ಬರೆದು ಮೂರು. ಕೊನೆಗೆ ಗಿಳಿಯಲ್ಲಿ ಕೊಂಡು ಭರ್ತಿ ಐದು.

ಐದರ ಕೆಳಗಿನ ಬರಹವನ್ನು ಧರ್ಮೇಶ್ ಭಕ್ತಿಯಿಂದ, ಹಾರ್ಮೋನಿಯಂ ಒತ್ತುವವನ ದನಿಯಲ್ಲಿ ಓದಿದ. “ಡಬ್ಬ ಬಿಚ್ಚಿದ ಮೇಲೆ ನನಗೆ ಮಾತೇ ಹೊರಡಲಿಲ್ಲ. ಯಾರಾದರೂ ಬಂದರೆ ತೋರಿಸಲು ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ.”

ಸ್ಪಂದನಾಗೆ ಒಂದು ಅನುಮಾನ ಉಳಿದಿತ್ತು. ಅಷ್ಟೊಂದು ಬೈದವನು ಅದೇ ಆಟವನ್ನು ಮತ್ತೆರಡು ಸಲ ಯಾಕೆ ಕೊಂಡ?

“ಆಟ ಚೆನ್ನಾಗೈತೆ ಕಣಕ್ಕಾ, ಕೆಟ್ಟಿರೋದು ನಿನ್ ಪ್ಯಾಕಿಂಗು,” ಎಂದ ತಮ್ಮ. “ನಾರು ಹಾಕಿದ್ಯಲ್ಲ, ಅದಕ್ಕೇ ನಾರ್ತೈತೆ.”

ಅವಳು ನಗಲಿಲ್ಲ. ಗಿಳಿಯ ಕರಾರಿಗೆ ಸಹಿ ಹಾಕಿದಳು. ಸೋಮವಾರ ಡಬ್ಬಗಳೆಲ್ಲ ಲಾರಿ ಹತ್ತಿದವು. ಗುಬ್ಬಿ ತಾಣದ ಮೇಲೆ ‘ಮುಚ್ಚಿದೆ’ ಎಂಬ ಹಲಗೆ ಬಿತ್ತು.

ಮರುವಾರ ಪ್ರಜ್ಞಾ ಇನ್ನೊಂದು ಆಸೆ ಹೇಳಿಕೊಂಡಳು: ಐದು ನಕ್ಷತ್ರದ ಆ ಗಿರಾಕಿಯ ಫೋಟೋ ಸಿಕ್ಕರೆ ಮುಖಪುಟಕ್ಕೇ ಹಾಕುತ್ತಾರಂತೆ. ಅಕ್ಕ ತಮ್ಮ ಬೈಕು ಹತ್ತಿ, ಬೀರೂರು ದಾಟಿ ಅಜ್ಜಂಪುರಕ್ಕೆ ಹೋದರು.

ಕರಿಯಪ್ಪನಿಗೆ ಡೊಳ್ಳುಹೊಟ್ಟೆ ಇರಲಿಲ್ಲ. ದನಿಯೂ ಮೆತ್ತಗೆ, ನಿದ್ದೆಯ ಮಗುವನ್ನು ಎತ್ತಿಕೊಂಡವನ ಹಾಗೆ. ಮನೆ ಮುಂದಿನ ಚಪ್ಪರದಲ್ಲಿ ತೆಂಗಿನಕಾಯಿ ವಿಂಗಡಿಸುತ್ತಾ ಕೂತಿದ್ದ. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಸಾಲಾಗಿದ್ದ ಐದು ಗುಡ್ಡೆಗಳಲ್ಲಿ ಒಂದಕ್ಕೆ ಎಸೆಯುತ್ತಿದ್ದ. ‘ಕಾವಲು’ ಆಟದವರು ಎಂದದ್ದೇ ಎದ್ದುನಿಂತ. ಮನೆಯಲ್ಲಿ ಯಾರು ದನ, ಯಾರು ಬೇಲಿ ಅಂತ ಈಗಲೂ ದಿನಾ ಜಗಳವಂತೆ. ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ಕಳಿಸೋಣವೆಂದರೆ ಇವರ ತಾಣದಲ್ಲಿ ಆಗ ಮಾಲು ಖಾಲಿಯಾಗಿತ್ತಂತೆ. ಹಾಗಾಗಿ ಬೇರೆ ಕಡೆ ಹೋಗಬೇಕಾಯಿತಂತೆ.

ಸ್ಪಂದನಾ ಕೈಮುಗಿದು, ಗಿಳಿ ತಾಣಕ್ಕೆ ಕೊಟ್ಟ ಐದು ನಕ್ಷತ್ರಕ್ಕೆ ಉಪಕಾರ ಹೇಳಿದಳು.

ಕರಿಯಪ್ಪನ ಮುಖ ಸಣ್ಣದಾಯಿತು. “ಬೇಜಾರ್ ಮಾಡ್ಕೋಬ್ಯಾಡ ಕಣವ್ವಾ. ಬರೀಬಾರ್ದು ಅಂತಿದ್ದೆ, ಮನಸ್ಸು ತಡೀಲಿಲ್ಲ.”

ಹಿರಿಯರ ಸಂಕೋಚ ಎಂದುಕೊಂಡ ಧರ್ಮೇಶ್ ಫೋಟೋಗೆ ಫೋನು ಎತ್ತಿದ. ಕರಿಯಪ್ಪ ಒಳಗೆ ಹೋಗಿ ಅಟ್ಟದಿಂದ ಮಿರುಗುವ ಕವರಿನ ಡಬ್ಬ ಇಳಿಸಿ ತಂದು, ಸ್ಪಂದನಾಳ ಕೈಗಿಟ್ಟ. ಅವಳು ಮುಚ್ಚಳ ತೆಗೆದಳು. ಭೈರೇಶ್ ಕೆತ್ತಿದ ಅಮೃತಮಹಲ್ ದನಗಳೆಲ್ಲ ಬೋಳುತಲೆಯ ಕುರಿಗಳಾಗಿ ಮಲಗಿದ್ದವು. ಕೊಂಬುಗಳೆಲ್ಲ ಒಂದು ಮೂಲೆಯಲ್ಲಿ ಒಲೆಗೆ ಹಾಕುವ ಪುಳ್ಳೆಯಾಗಿ ಬಿದ್ದಿದ್ದವು.

“ಮತ್ತೆ ಇದಕ್ಕೆ ಐದು ಕೊಟ್ರಲ್ಲ?” ಎಂದಳು ಸ್ಪಂದನಾ.

ಕರಿಯಪ್ಪ ಮೊದಲ ಗುಡ್ಡೆಯ ದೇವರ ಕಾಯಿಗಳನ್ನೂ, ನಾಯಿಯೂ ಮೂಸದ ಕೊನೆಯ ಗುಡ್ಡೆಯನ್ನೂ ಒಮ್ಮೆ ನೋಡಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ಮೆಲ್ಲಗೆ ಹೇಳಿದ:

“ಕೊಂಬು ಮುರಿದ ಮಾಲು ಐದ್ನೇ ನಂಬರೇ ಅಲ್ವೇನವ್ವಾ; ನಾರಲ್ಲಿ ಸುತ್ತಿ ಕಳಿಸಿದ್ಯಲ್ಲ, ಅದಕ್ಕೆ ಆವತ್ತೇ ಒಂದ್ನೇ ನಂಬರ್ ಒತ್ತಿದ್ನಲ್ಲ.”