ಬಲಗಾಲಿನ ಬೂಟು

ಡಾಕ್ಟರ್ ನಗ್ಮಾ ಪ್ರಮೀಳಾಳ ಬಲಗಾಲನ್ನು ಸ್ಟೂಲಿನ ಮೇಲಿಡಿಸಿ, ಹಿಮ್ಮಡಿಯ ಅಡಿಗೆ ಹೆಬ್ಬೆರಳು ಒತ್ತಿ ಕೇಳಿದರು: "ಇಲ್ಲಿ ನೋವೈತೇನ್ರಿ?"

ಪ್ರಮೀಳಾ ಪಕ್ಕಕ್ಕೆ ಕಣ್ಣು ಹಾಯಿಸಿದಳು. ಪಕ್ಕದ ಕುರ್ಚಿಯಲ್ಲಿದ್ದ ಗಂಡ ಪರಶುರಾಮ್ ಮುಂದಕ್ಕೆ ಬಾಗಿ ಅವಳ ಮುಖವನ್ನೇ ನೋಡುತ್ತಿದ್ದ. ನ್ಯಾಮತಿಯಿಂದ ಹೊನ್ನಾಳಿಗೆ ಬರುವ ಬಸ್ಸಿನಲ್ಲೇ ಅವನು ಪಾಠ ಹೇಳಿಕೊಟ್ಟಾಗಿತ್ತು: "ವಾಸಿ ಆಗೈತೆ ಅಂತ ಹೇಳಿಬಿಡು. ಸುಮ್ನೆ ಎಳೆಯಾಕೆ ಹೋಗಬ್ಯಾಡ."

ನೋವು ನಿಜಕ್ಕೂ ಇರಲಿಲ್ಲ. ಅವಳ ಸಂಕಟವೇ ಅದು.

ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತು, ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಚುವ ಕೆಲಸ ಅವಳದು. ಮದುವೆ ಸೀಸನ್ನು ಮುಗಿಯುವ ಹೊತ್ತಿಗೆ, ಹಾಸಿಗೆಯಿಂದೆದ್ದು ನೆಲಕ್ಕೆ ಕಾಲಿಟ್ಟರೆ ಸಾಕು, ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಗುತ್ತಿತ್ತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಸ್ವಲ್ಪ ಸಡಿಲ. ಆಗ ಇದೇ ಡಾಕ್ಟರು ರಾತ್ರಿ ಕಟ್ಟಿಕೊಂಡು ಮಲಗಲು ಒಂದು ಸ್ಪ್ಲಿಂಟ್ ಕೊಟ್ಟಿದ್ದರು. ನಿದ್ದೆಯಲ್ಲಿ ಪಾದ ಕೆಳಕ್ಕೆ ಬಾಗದಂತೆ ಎತ್ತಿ ಹಿಡಿಯುವ ಪ್ಲಾಸ್ಟಿಕ್ಕು, ಬಿಗಿಯಲು ಪಟ್ಟಿಗಳು. ಮನೆಯಲ್ಲಿ ಎಲ್ಲರೂ ಅದನ್ನು ಬೂಟು ಎಂದರು. ಅದನ್ನು ಹಾಕಿಕೊಂಡು ಓಡಾಡಬಾರದು, ಬೆಳಿಗ್ಗೆ ದಡಬಡ ಏಳಬಾರದು, ಬಿಚ್ಚಿ ಅಂಗಾಲು ನೀವಿಕೊಂಡು ನಿಧಾನಕ್ಕೆ ಇಳಿಯಬೇಕು ಎಂದು ಪರಶುರಾಮನ ಎದುರಿಗೇ ಹೇಳಿದ್ದರು. ಡಾಕ್ಟರೇ ಹೇಳಿದ ಮೇಲೆ ಅವನಾದರೂ ಏನು ಮಾಡಿಯಾನು?

ಹಾಗಾಗಿ ನಸುಕಿನಲ್ಲಿ ನಲ್ಲಿ ಬಿಟ್ಟರೆ ಏಳುವುದು ಅವನ ಪಾಲಿಗೆ ಬಂತು. ಕೊಡ ತುಂಬಿಸುವುದು, ಹಾಲು ಕಾಯಿಸುವುದು, ಮಗಳು ರಕ್ಷಾಳನ್ನು ಎಬ್ಬಿಸಿ ಡಬ್ಬಿ ಕಟ್ಟುವುದು ಎಲ್ಲ ಅವನೇ. "ಏನ್ ಪರಶುರಾಮಣ್ಣ, ನಾಳೆಯಿಂದ ಸೀರೆನೂ ಉಡ್ತೀಯೇನು?" ಎಂದು ಪಕ್ಕದ ಮನೆ ಭೀಮಕ್ಕ ನಲ್ಲಿಯ ಹತ್ತಿರ ಛೇಡಿಸಿದ ದಿನ ಅವನು ಕೊಡವನ್ನು ಕುಕ್ಕಿದ ಸದ್ದಿಗೆ ಪ್ರಮೀಳಾ ಬೆಚ್ಚಿದ್ದಳು. ಮೊದಮೊದಲು ಅವಳಿಗೆ ಹಾಸಿಗೆಯೇ ಮುಳ್ಳಾಗಿತ್ತು. ಹಾಲು ಸೀದ ವಾಸನೆ ಬಂದರೆ ಅರ್ಧ ಏಳುವಳು, ಬೂಟು ಬಿಡದೆ ಮತ್ತೆ ಒರಗುವಳು. "ಉಪ್ಪಿನ ಡಬ್ಬಿ ಎಲ್ಲೈತೆ?" ಎಂದು ಅವನು ಅಲ್ಲಿಂದ ಕೂಗಿದರೆ ಇವಳು ಇಲ್ಲಿಂದ ಕೂಗುವಳು. ಬರಬರುತ್ತಾ ಅವನು ಕೂಗುವುದು ಬಿಟ್ಟ. ಒಂದು ಬೆಳಿಗ್ಗೆ ಅವಳು ಮಲಗಿಕೊಂಡೇ ಕಿಟಕಿಯಾಚೆ ನೋಡಿದಳು. ಎದುರು ಮನೆಯ ತಾರಸಿ ಮೇಲೆ ಬಿಸಿಲು ಇಷ್ಟಿಷ್ಟೇ ಇಳಿಯುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಅದೇ ಕಿಟಕಿ, ಅದೇ ತಾರಸಿ. ನೋಡಿದ್ದು ಮಾತ್ರ ಅವತ್ತು. ಕಣ್ಣು ತುಂಬಿ ಬಂತು. ಸಂತೋಷಕ್ಕೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ.

ಹೋದ ವಾರ ಬೂಟು ಬಿಚ್ಚಿ ನೆಲಕ್ಕೆ ಕಾಲಿಟ್ಟರೆ ನೋವೇ ಇಲ್ಲ. ಎತ್ತಿ ಇನ್ನೊಮ್ಮೆ ಇಟ್ಟಳು. ಇಲ್ಲವೇ ಇಲ್ಲ. ಆ ಕ್ಷಣದಿಂದ ನೆಮ್ಮದಿ ಹಾರಿಹೋಯಿತು. ಗಂಡ ನೋಡುತ್ತಿದ್ದಾನೆಂದು ಗೋಡೆ ಹಿಡಿದೇ ಬಚ್ಚಲಿಗೆ ಹೋದಳು.

ಈಗ ನೋವೈತೆ ಎಂದರೆ ಆ ಬೆಳಗಿನ ಹೊತ್ತು ಇನ್ನಷ್ಟು ದಿನ ದಕ್ಕೀತು. ಇಲ್ಲ ಎಂದರೆ ನಾಳೆಗೇ ಕೊಡ ಕೈಗೆ. ಅವಳು ಸೆರಗಿನ ತುದಿ ತಿರುವಿದಳು, ಬಿಟ್ಟಳು, ಮತ್ತೆ ತಿರುವಿದಳು.

"ಹೇಳ್ರಿ, ಹೆದರಬ್ಯಾಡ್ರಿ. ಇಲ್ಲಿ? ಈ ಕಡೆ?"

ಗೋಡೆ ಹಿಡಿದು ನಡೆಯುವುದು ಬೇರೆ, ಕಾಲು ಹಿಡಿದು ಕೂತ ಡಾಕ್ಟರಿಗೆ ಬಾಯಿಬಿಟ್ಟು ಸುಳ್ಳು ಹೇಳುವುದು ಬೇರೆ. ಇಷ್ಟು ದಿನ ಮಾಡಿದ ಮನುಷ್ಯ ಮುಂದೆಯೂ ಒಂದು ಕೈ ಹಾಕಿಯಾನು ಎಂಬ ಆಸೆಯೂ ಅವಳ ಒಳಗೆಲ್ಲೋ ಇತ್ತು.

"ಇಲ್ರಿ," ಎಂದಳು. "ಪೂರ್ತಿ ಹೋಗೈತ್ರಿ."

"ಒಳ್ಳೇದಾತು. ಇನ್ನು ಬೂಟು ಬ್ಯಾಡ. ಬರಿಗಾಲಲ್ಲಿ ಮಾತ್ರ ಜಾಸ್ತಿ ನಿಲ್ಲಬ್ಯಾಡ್ರಿ," ಎಂದು ಡಾಕ್ಟರು ಕೈ ಒರೆಸಿಕೊಂಡರು.

ಪರಶುರಾಮ್ ಎದ್ದೇ ನಿಂತ. "ದೊಡ್ಡ ಉಪಕಾರ ಆತ್ರಿ ಮೇಡಂ," ಎಂದವನೇ ಅಲ್ಲೇ ಮೊಬೈಲು ತೆಗೆದು ಮನೆಯಲ್ಲಿದ್ದ ಮಗಳಿಗೆ ಹಚ್ಚಿದ. "ರಕ್ಷಾ, ನಿಮ್ಮಮ್ಮನ ಕಾಲು ವಾಸಿ ಆತು ನೋಡು. ನಾಳೆಯಿಂದ ಎಲ್ಲಾ ಮೊದಲಿನಂಗೆ. ನೀರು, ಟೀ, ನಿನ್ನ ಡಬ್ಬಿ ಎಲ್ಲಾ ಅವಳೇ ನೋಡ್ಕೊಂತಾಳೆ. ನನ್ನನ್ನ ಯಾರೂ ಎಬ್ಬಿಸಾಕೆ ಬರಬ್ಯಾಡ್ರಿ, ಹೇಳಿರ್ತೀನಿ!"

ಪ್ರಮೀಳಾ ಆಗಲೇ ಬಾಗಿಲವರೆಗೆ ಹೋಗಿದ್ದಳು. ಸರಸರನೆ ಹಿಂದಿರುಗಿ ಬಂದು ಕುರ್ಚಿಯಲ್ಲಿ ಕೂತಳು. ಎಡಗಾಲನ್ನು ಎತ್ತಿ ಸ್ಟೂಲಿನ ಮೇಲಿಟ್ಟಳು.

"ಈ ಕಾಲೂ ಒಂಚೂರು ನೋಡ್ರಿ ಮೇಡಂ."

ಡಾಕ್ಟರು ಅಚ್ಚರಿಯಿಂದ ಅಲ್ಲಲ್ಲಿ ಒತ್ತಿ ನೋಡಿದರು. "ಇದಕ್ಕೇನಾಗೈತ್ರಿ? ಯಾವಾಗಿಂದ ನೋವು?"

ಫೋನು ಕಿವಿಗೆ ಹಿಡಿದುಕೊಂಡೇ ಪರಶುರಾಮ್ ತಿರುಗಿದ. ಪ್ರಮೀಳಾ ಅವನನ್ನೇ ನೋಡುತ್ತಾ ಹೇಳಿದಳು:

"ನಾಳೆ ನಸುಕಿನಿಂದ್ರಿ."